ಸರ್ಕಾರ ಬದಲಾದ ಮೇಲೆ ನಮ್ಮ ನಾಗರಿಕ ಹಕ್ಕುಗಳ ಸಂಘಟನೆಯ ಬಾಯಿ ಏಕೆ ಕಟ್ಟಿತು?

ತುಂಗಾತೀರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು 19 ವರ್ಷಗಳಿಂದ ಜಿಲ್ಲಾ ಮಟ್ಟದ ಒಂದು ಸಣ್ಣ ನಾಗರಿಕ ಹಕ್ಕುಗಳ ಸಂಘಟನೆಯಲ್ಲಿದ್ದೇನೆ. ಅದರ ಹೆಸರು ಇಲ್ಲಿ ಬೇಡ. ಕಳೆದ ಚುನಾವಣೆಗೆ ಮೊದಲು, ಆಗ ಅಧಿಕಾರದಲ್ಲಿದ್ದ ಪಕ್ಷವನ್ನು ಸೋಲಿಸಿ ಎಂದು ಮತದಾರರಿಗೆ ಕರೆ ಕೊಡುವ ಜಂಟಿ ಹೇಳಿಕೆಗೆ ನಾವು ಸಹಿ ಹಾಕಬೇಕೇ ಎಂಬ ಪ್ರಶ್ನೆ ನಮ್ಮ ಸಭೆಗೆ ಬಂದಿತ್ತು. ಸೇರಿದ್ದ 23 ಮಂದಿಯಲ್ಲಿ 16 ಮಂದಿ ಹಾಕೋಣ ಎಂದೆವು. ನಾನೂ ಕೈ ಎತ್ತಿದವನೇ, ಅದನ್ನು ಮುಚ್ಚಿಡುವುದಿಲ್ಲ. ಆ ಪಕ್ಷದ ಆಡಳಿತದಲ್ಲಿ ನಡೆದದ್ದನ್ನು ಕಣ್ಣಾರೆ ಕಂಡಿದ್ದೆವು, ಕೈಕಟ್ಟಿ ಕೂರಲು ಮನಸ್ಸು ಒಪ್ಪಲಿಲ್ಲ.

ಸರ್ಕಾರ ಬದಲಾಯಿತು. ಕೆಲವು ತಿಂಗಳ ಹಿಂದೆ ನಮ್ಮ ಸೀಮೆಯ ಹಳ್ಳಿಯೊಂದರ ಕೂಲಿಕಾರ ಯುವಕನನ್ನು ಕಳವಿನ ಅನುಮಾನದ ಮೇಲೆ ಠಾಣೆಗೆ ಕರೆದೊಯ್ದು, ಎರಡು ರಾತ್ರಿ ಇಟ್ಟುಕೊಂಡು, ಯಾವ ಮೊಕದ್ದಮೆಯನ್ನೂ ಹಾಕದೆ ಬಿಟ್ಟು ಕಳುಹಿಸಿದರು. ಸತ್ಯಶೋಧನೆಗೆ ಹೋದ ಮೂವರಲ್ಲಿ ನಾನೊಬ್ಬ. ಹುಡುಗನಿಗೆ ಹೊಸ್ತಿಲು ದಾಟಬೇಕಾದರೂ ಗೋಡೆ ಹಿಡಿಯಬೇಕಾಗಿತ್ತು. ಅವನ ತಾಯಿ ಅಕ್ಕಿ ಡಬ್ಬದೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಆಸ್ಪತ್ರೆಯ ಚೀಟಿಯನ್ನು ತೆಗೆದು ಕೊಟ್ಟರು. ಅದರಲ್ಲಿ ‘ಜಾರಿ ಬಿದ್ದು ಗಾಯ’ ಎಂದು ಬರೆದಿತ್ತು. ಗಾಯವಿದ್ದದ್ದು ಎರಡೂ ಅಂಗಾಲುಗಳಲ್ಲಿ. ನಾನು ಅದನ್ನು ನೋಡುತ್ತಿರುವಾಗಲೇ ಆ ತಾಯಿ, “ನೀವು ಯಾರ ಕಡೆಯವರು ಸ್ವಾಮಿ? ಹೋದ ಸಲ ಓಟು ಕೇಳಲು ಬಂದವರ ಜೊತೆ ನಿಮ್ಮನ್ನು ನೋಡಿದ ಹಾಗಿದೆ” ಎಂದರು. ನಾನು ಓಟು ಕೇಳಲು ಹೋಗಿರಲಿಲ್ಲ. ಆದರೂ ಅವರಿಗೆ ಹಾಗನ್ನಿಸಿದ್ದರಲ್ಲಿ ತಪ್ಪಿರಲಿಲ್ಲ, ಏಕೆಂದರೆ ನಮ್ಮ ಸಂಘಟನೆಯ ಹೆಸರು ಆ ಜಂಟಿ ಹೇಳಿಕೆಯ ಕರಪತ್ರದಲ್ಲಿತ್ತು.

ವರದಿ ಬರೆದು ಐದು ವಾರವಾಯಿತು, ಇನ್ನೂ ಬಿಡುಗಡೆಯಾಗಿಲ್ಲ. “ಈಗ ಹೊರಗೆ ತಂದರೆ ಸೋತವರಿಗೆ ಅಸ್ತ್ರ ಕೊಟ್ಟಂತಾಗುತ್ತದೆ” ಎನ್ನುವವರು ನಮ್ಮೊಳಗೇ ಇದ್ದಾರೆ, ಅವರೇನೂ ಕೆಟ್ಟವರಲ್ಲ. ನಾಗರಿಕ ಹಕ್ಕುಗಳ ಸಂಘಟನೆಯೊಂದು ಪಕ್ಷಾತೀತವಾಗಿ ಉಳಿಯಲು ನಿಜಕ್ಕೂ ಸಾಧ್ಯವೇ? ಅನುಭವವಿದ್ದವರು ದಯವಿಟ್ಟು ಹೇಳಿ.

ಹಳೇಪೇಟೆ

ಐದು ವಾರ ತಡೆದಿದ್ದೀರಿ ಎಂದರೆ ನಿಮ್ಮ ಪ್ರಶ್ನೆಗೆ ನೀವೇ ಉತ್ತರ ಕೊಟ್ಟುಕೊಂಡಂತಾಯಿತು.

ಕರಿಕೋಟು

ಹಳೇಪೇಟೆಯವರ ಮಾತು ಕಟುವಾಯಿತು, ಆದರೂ ಈ ಕಾಯಿಲೆ ನಿಮ್ಮ ಜಿಲ್ಲೆಯಲ್ಲಿ ಹುಟ್ಟಿದ್ದಲ್ಲ. ನಮ್ಮ ದೇಶದ ಮೊದಲ ನಾಗರಿಕ ಹಕ್ಕುಗಳ ಸಂಘಟನೆಗೇ ಅದು ತಗಲಿತ್ತು. 1936ರಲ್ಲಿ ಜವಾಹರಲಾಲ್ ನೆಹರೂ ಅವರ ಮುತುವರ್ಜಿಯಿಂದ ಮುಂಬಯಿಯಲ್ಲಿ ಇಂಡಿಯನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಸ್ಥಾಪನೆಯಾಯಿತು. ರವೀಂದ್ರನಾಥ ಟಾಗೋರರು ಗೌರವಾಧ್ಯಕ್ಷರು, ಸರೋಜಿನಿ ನಾಯ್ಡು ಕಾರ್ಯಾಧ್ಯಕ್ಷರು. ಎಲ್ಲ ಪಕ್ಷದವರಿಗೂ ಅದು ತೆರೆದಿರಬೇಕು, ಸರ್ಕಾರವನ್ನು ವಿರೋಧಿಸುವ ಹಕ್ಕನ್ನು ಕಾಪಾಡುವುದೇ ಅದರ ಕೆಲಸವಾಗಿರಬೇಕು ಎಂಬುದು ನೆಹರೂ ಅವರ ನಿಲುವಾಗಿತ್ತು.

ಮರುವರ್ಷ, 1937ರಲ್ಲಿ, ಹಲವು ಪ್ರಾಂತ್ಯಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ಬಂದವು. ಬ್ರಿಟಿಷರು ಕಾಂಗ್ರೆಸ್ಸಿನವರ ಮೇಲೆ ಪ್ರಯೋಗಿಸಿದ್ದ ಕ್ರಿಮಿನಲ್ ಲಾ ಅಮೆಂಡ್‌ಮೆಂಟ್ ಕಾಯ್ದೆಯನ್ನು ಮದ್ರಾಸಿನಲ್ಲಿ ರಾಜಾಜಿಯವರ ಸರ್ಕಾರ ಹಿಂದಿ ಹೇರಿಕೆಯನ್ನು ವಿರೋಧಿಸಿದವರ ಮೇಲೆ ಪ್ರಯೋಗಿಸಿತು. ಆ ಹೊತ್ತಿಗೆ ಯೂನಿಯನ್ನಿನ ದನಿ ಸಣ್ಣದಾಗುತ್ತ ಬಂದಿತ್ತು. ಸರ್ಕಾರ ನಡೆಸುವವರು ತಮ್ಮವರೇ ಆದಾಗ ಅವರನ್ನು ಪ್ರಶ್ನಿಸುವ ನಾಲಿಗೆ ಏಳಲಿಲ್ಲ. ಮೊದಲ ಪ್ರಯೋಗ ಹೀಗೆ ಸೊರಗಿದ್ದನ್ನು ಈ ಕ್ಷೇತ್ರಕ್ಕೆ ಬರುವ ಪ್ರತಿಯೊಬ್ಬರೂ ತಿಳಿದಿರಬೇಕೆಂದು ನನಗನ್ನಿಸುತ್ತದೆ.

ಎರೆಭೂಮಿ

ಪಕ್ಷಾತೀತತೆಯನ್ನು ಹೀಗೆ ಪೂಜೆಗಿಡುವುದನ್ನು ನಾನು ಒಪ್ಪಲಾರೆ. ತುರ್ತು ಪರಿಸ್ಥಿತಿ ಹೇರಿದ 1975ರ ಜೂನ್ 25ರ ರಾತ್ರಿಯ ನಂತರ ನಾಗರಿಕ ಹಕ್ಕುಗಳ ಪರವಾಗಿರುವುದಕ್ಕೂ ಆಳುವ ಪಕ್ಷದ ವಿರುದ್ಧವಾಗಿರುವುದಕ್ಕೂ ಏನು ವ್ಯತ್ಯಾಸ ಉಳಿದಿತ್ತು? ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಬಂಧಿಸಿದ್ದು ನಮ್ಮ ಬೆಂಗಳೂರಿನಲ್ಲಿ. ನಟಿ ಸ್ನೇಹಲತಾ ರೆಡ್ಡಿಯವರು ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ಅಸ್ತಮಾದಿಂದ ನರಳಿ, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಬದುಕುವ ಹಕ್ಕಿಗಾಗಿಯೂ ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು 1976ರ ಏಪ್ರಿಲ್‌ನಲ್ಲಿ ಹೇಳಿದಾಗ, ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಅಂತಹ ಕಾಲದಲ್ಲಿ “ನಾವು ಯಾವ ಪಕ್ಷದ ಪರವೂ ಅಲ್ಲ, ವಿರುದ್ಧವೂ ಅಲ್ಲ” ಎನ್ನುವ ಸಂಘಟನೆ ಇದ್ದರೆಷ್ಟು, ಬಿಟ್ಟರೆಷ್ಟು?

ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ (ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್) ಹುಟ್ಟಿದ್ದೇ ಆ ಕಿಚ್ಚಿನಿಂದ. 1980ರಲ್ಲಿ ಅದನ್ನು ಕಟ್ಟಿದವರೆಲ್ಲ ಕಾಂಗ್ರೆಸ್ ವಿರೋಧಿಗಳೇ ಆಗಿದ್ದರು.

ನಿವೃತ್ತ ಗುಮಾಸ್ತೆ

ಎರೆಭೂಮಿಯವರಿಗೆ ಒಂದು ತಿದ್ದುಪಡಿ. ಜಯಪ್ರಕಾಶ ನಾರಾಯಣರು ಆ ಸಂಘಟನೆಗೆ ಬುನಾದಿ ಹಾಕಿದ್ದು 1976ರ ಅಕ್ಟೋಬರ್‌ನಲ್ಲಿ, ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲಿದ್ದಾಗ. ಆಗ ಅದರ ಹೆಸರಿನಲ್ಲಿ ನಾಗರಿಕ ಸ್ವಾತಂತ್ರ್ಯ, ಪ್ರಜಾಸತ್ತಾತ್ಮಕ ಹಕ್ಕು ಎರಡೂ ಇದ್ದವು. 1980ರ ನವೆಂಬರ್‌ನಲ್ಲಿ ಆದದ್ದು ಪುನರ್ಜನ್ಮ. ನಡುವಿನ ವರ್ಷಗಳಲ್ಲಿ ಆದದ್ದೇನು ಎಂಬುದೇ ತುಂಗಾತೀರ ಅವರ ಪ್ರಶ್ನೆಗೆ ಹತ್ತಿರವಾದ ವಿಷಯ.

1977ರ ಮಾರ್ಚ್‌ನಲ್ಲಿ ಜನತಾ ಸರ್ಕಾರ ಬಂತು. ಸೆರೆಮನೆಯಲ್ಲಿದ್ದವರು ಮಂತ್ರಿಗಳಾದರು. ಇನ್ನು ಹೋರಾಡುವುದೇನಿದೆ ಎಂಬ ಭಾವನೆ ಎಲ್ಲರಲ್ಲೂ ಮೂಡಿ, ಸಂಘಟನೆ ಹೆಚ್ಚುಕಡಿಮೆ ನಿದ್ದೆಗೆ ಜಾರಿತು. ಇಂದಿರಾ ಗಾಂಧಿಯವರು 1980ರಲ್ಲಿ ಮತ್ತೆ ಗೆದ್ದ ಮೇಲಷ್ಟೇ ಅದು ಎಚ್ಚೆತ್ತು ಕುಳಿತದ್ದು. ಮಾಜಿ ನ್ಯಾಯಮೂರ್ತಿ ತಾರ್ಕುಂಡೆಯವರು ಅಧ್ಯಕ್ಷರು, ಪತ್ರಕರ್ತ ಅರುಣ್ ಶೌರಿ ಪ್ರಧಾನ ಕಾರ್ಯದರ್ಶಿ. ದೆಹಲಿ ಘಟಕದವರು ಬೇರೆಯಾಗಿ ಪಿಯುಡಿಆರ್ (ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್) ಆದರು. ಹಾಗಾಗಿ ಎರೆಭೂಮಿಯವರೇ, ನೀವು ಹೇಳುವ ಕಿಚ್ಚು ನಿಜ, ಆದರೆ ಎದುರಾಳಿ ಸೋತೊಡನೆ ಅದು ಆರಿಹೋಯಿತು ಎಂಬುದೂ ಅಷ್ಟೇ ನಿಜ. ಒಂದು ಪಕ್ಷವನ್ನು ವಿರೋಧಿಸುವ ಸಿಟ್ಟಿನ ಮೇಲೆ ಕಟ್ಟಿದ ಸಂಘಟನೆಗೆ ಆ ಪಕ್ಷದ ಸೋಲೇ ಮುಕ್ತಾಯವಾಗಿಬಿಡುತ್ತದೆ.

ಎರೆಭೂಮಿ

ವರ್ಷದ ತಿದ್ದುಪಡಿಗೆ ಧನ್ಯವಾದಗಳು, ಒಪ್ಪಿದೆ. ವಾದವನ್ನು ಮಾತ್ರ ಅರ್ಧ ಒಪ್ಪುತ್ತೇನೆ. ಕಿಚ್ಚಿಲ್ಲದೆ ಯಾರೂ ರಾತ್ರಿ ಹನ್ನೊಂದಕ್ಕೆ ಠಾಣೆಯ ಮುಂದೆ ಹೋಗಿ ನಿಲ್ಲುವುದಿಲ್ಲ. ಶೌರಿಯವರು ಮುಂದೆ ಬಿಜೆಪಿಯಿಂದ ಕೇಂದ್ರ ಸಚಿವರಾದರು. ಹಾಗೆಂದು ಅವರು ಅಂದು ಮಾಡಿದ ಕೆಲಸ ಸುಳ್ಳಾಗುತ್ತದೆಯೇ?

ನಿವೃತ್ತ ಗುಮಾಸ್ತೆ

ಖಂಡಿತ ಆಗುವುದಿಲ್ಲ. ವ್ಯಕ್ತಿ ಎಲ್ಲಿಗಾದರೂ ಹೋಗಲಿ, ಸಂಘಟನೆಯನ್ನು ಜೊತೆಗೆ ಹೊತ್ತುಕೊಂಡು ಹೋಗದಿದ್ದರೆ ಸಾಕು. 1984ರಲ್ಲಿ ದೆಹಲಿಯಲ್ಲಿ ಸಿಖ್ಖರ ಹತ್ಯಾಕಾಂಡವಾದಾಗ ಪಿಯುಸಿಎಲ್ ಮತ್ತು ಪಿಯುಡಿಆರ್ ಒಟ್ಟಾಗಿ ಹೊರತಂದ ವರದಿಯಲ್ಲಿ, ಸಂತ್ರಸ್ತರು ಹೇಳಿದ ಕಾಂಗ್ರೆಸ್ ಮುಖಂಡರ ಹೆಸರುಗಳನ್ನೇ ಮುದ್ರಿಸಿದ್ದರು. ಆ ವರದಿ ನಿಂತದ್ದು ಬೀದಿಬೀದಿ ಸುತ್ತಿ ಬರೆದುಕೊಂಡ ಹೇಳಿಕೆಗಳ ಬಲದ ಮೇಲೆ.

ನವಿಲುತೀರ್ಥ

ದೆಹಲಿಯ ಮಾತು ಸಾಕು, ನಮ್ಮ ರಾಜ್ಯವನ್ನೇ ನೋಡೋಣ. 1980ರ ಜುಲೈನಲ್ಲಿ ನರಗುಂದ, ನವಲಗುಂದದ ರೈತರ ಮೇಲೆ ಗೋಲಿಬಾರ್ ಆದಾಗ ಇದ್ದದ್ದು ಗುಂಡೂರಾವ್ ಅವರ ಕಾಂಗ್ರೆಸ್ ಸರ್ಕಾರ. ಆ ಸಿಟ್ಟೂ ಸೇರಿ 1983ರಲ್ಲಿ ಜನತಾ ಪಕ್ಷ ಬಂತು. ತುರ್ತು ಪರಿಸ್ಥಿತಿಯಲ್ಲಿ ಸೆರೆವಾಸ ಕಂಡಿದ್ದ ರಾಮಕೃಷ್ಣ ಹೆಗಡೆಯವರೇ ಮುಖ್ಯಮಂತ್ರಿಗಳಾದರು. 1988ರಲ್ಲಿ ಅವರು ರಾಜೀನಾಮೆ ಕೊಟ್ಟದ್ದು ದೂರವಾಣಿ ಕದ್ದಾಲಿಕೆಯ ಆರೋಪದ ಮೇಲೆ. ರೈತರ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪನವರ ಸರ್ಕಾರಕ್ಕೆ ಎರಡು ವಾರ ತುಂಬುವ ಮೊದಲೇ, 2008ರ ಜೂನ್‌ನಲ್ಲಿ, ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿತು.

ಕಾನೂನುಗಳ ಕಥೆಯೂ ಇದೇ. ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಬಿಡುವ ಗೂಂಡಾ ಕಾಯ್ದೆ ಬಂದದ್ದು 1985ರಲ್ಲಿ, ಜನತಾ ಸರ್ಕಾರದಿಂದ. ಅದರ ವ್ಯಾಪ್ತಿಯನ್ನು 2014ರಲ್ಲಿ ಹಿಗ್ಗಿಸಿದ್ದು ಕಾಂಗ್ರೆಸ್. ಕೇಂದ್ರದಲ್ಲಿ ಭಯೋತ್ಪಾದನೆ ತಡೆಯ ಹೆಸರಿನ ಟಾಡಾ ಕಾಯ್ದೆ ತಂದದ್ದು ಕಾಂಗ್ರೆಸ್, ಅದೇ ಬಗೆಯ ಪೋಟಾ ತಂದದ್ದು ಎನ್‌ಡಿಎ. 2004ರಲ್ಲಿ ಪೋಟಾ ರದ್ದುಮಾಡಿದ ಯುಪಿಎ ಅದರ ಹಲವು ಅಂಶಗಳನ್ನು ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಒಳಗೆ ಸೇರಿಸಿತು. ವ್ಯಕ್ತಿಯೊಬ್ಬನನ್ನೇ ಭಯೋತ್ಪಾದಕನೆಂದು ಘೋಷಿಸುವ ಅಧಿಕಾರವನ್ನು 2019ರಲ್ಲಿ ಬಿಜೆಪಿ ಅದಕ್ಕೆ ಜೋಡಿಸಿತು. ಒಬ್ಬರು ಕಟ್ಟಿದ ಕೊಟ್ಟಿಗೆಗೆ ಇನ್ನೊಬ್ಬರು ಬಾಗಿಲು ಹಾಕುತ್ತಾರೆ, ಒಳಗೆ ಕಟ್ಟಿಸಿಕೊಳ್ಳುವವರು ಮಾತ್ರ ಯಾವಾಗಲೂ ಬಡವರೇ. ಇಷ್ಟನ್ನು ಕಂಡ ಮೇಲೂ ಒಂದು ಪಕ್ಷದ ಬೆನ್ನಿಗೆ ಹೋಗಿ ನಿಲ್ಲುವುದು ನನ್ನಿಂದಾಗದು.

ಕಡಲ್ಕರೆ

ನವಿಲುತೀರ್ಥ ಅವರು ಎಲ್ಲ ಪಕ್ಷಗಳನ್ನೂ ಒಂದೇ ತಕ್ಕಡಿಗೆ ಹಾಕಿದ್ದು ನನಗೆ ಕಸಿವಿಸಿ ತಂದಿದೆ. ನಮ್ಮ ಜಿಲ್ಲೆಯಲ್ಲಿ ಬೇರೆ ಧರ್ಮದ ಸಹಪಾಠಿಯ ಜೊತೆ ಬಸ್ಸಿನಲ್ಲಿ ಕುಳಿತದ್ದಕ್ಕೆ ಹುಡುಗಿಯರನ್ನು ಕೆಳಗಿಳಿಸಿ ಹೊಡೆದಿದ್ದಾರೆ. ಪಿಯುಸಿಎಲ್ ಕರ್ನಾಟಕ ಘಟಕವು 2009ರಲ್ಲಿ ದಕ್ಷಿಣ ಕನ್ನಡದ ಈ ‘ಸಂಸ್ಕೃತಿ ಕಾವಲು’ ಕುರಿತು ವರದಿಯನ್ನೇ ಹೊರತಂದಿತ್ತು. ಅದರ ಹಿಂದೆ ಒಂದು ಸಿದ್ಧಾಂತವಿದೆ, ಆ ಸಿದ್ಧಾಂತಕ್ಕೊಂದು ರಾಜಕೀಯ ಆಸರೆಯಿದೆ. ಅದನ್ನು ಹೆಸರಿಸಿದರೆ ನಾವು ಪಕ್ಷಪಾತಿಗಳೇ? ಎಲ್ಲರೂ ತಪ್ಪು ಮಾಡಿದ್ದಾರೆ ಎಂಬ ಮಾತಿನ ಮರೆಯಲ್ಲಿ ಹೆಚ್ಚು ತಪ್ಪು ಮಾಡುವವರು ಬಚ್ಚಿಟ್ಟುಕೊಳ್ಳುತ್ತಾರೆ.

ಕರಿಕೋಟು

ಕಡಲ್ಕರೆ ಅಕ್ಕ, ಹೆಸರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಪಕ್ಷಾತೀತತೆ ಎಂದರೆ ಕಾಂಗ್ರೆಸ್ಸಿನ ವಿರುದ್ಧ ಒಂದು ವರದಿ, ಬಿಜೆಪಿಯ ವಿರುದ್ಧ ಒಂದು ವರದಿ ಎಂದು ಲೆಕ್ಕ ಸರಿದೂಗಿಸುವುದಲ್ಲ. ಒಬ್ಬರು ಹತ್ತು ಸಲ ತಪ್ಪಿದರೆ ಹತ್ತು ವರದಿ, ಇನ್ನೊಬ್ಬರು ಎರಡು ಸಲ ತಪ್ಪಿದರೆ ಎರಡು ವರದಿ. ಆದರೆ ಆ ಎರಡನ್ನು ಬರೆಯುವಾಗ ಪೆನ್ನಿನ ಶಾಯಿ ಒಣಗಿರಬಾರದು. ತುಂಗಾತೀರ ಅವರ ಸಂಘಟನೆಯಲ್ಲಿ ಈಗ ಆಗಿರುವುದು ಅದೇ ಅಲ್ಲವೇ?

ದೂರದೂರು

ನಾನು ಅಮೆರಿಕದಲ್ಲಿ ನೆಲೆಸಿ ಇಪ್ಪತ್ತು ವರ್ಷ ದಾಟಿತು. 1920ರಲ್ಲಿ ಸ್ಥಾಪನೆಯಾದ ಇಲ್ಲಿನ ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯುಗೆ ವರ್ಷವರ್ಷವೂ ಚಂದಾ ಕಟ್ಟುತ್ತೇನೆ. ಅದರ ಚರಿತ್ರೆಯಲ್ಲಿ ನನಗೆ ಬಹಳ ನೋವು ಕೊಡುವ ಅಧ್ಯಾಯವೆಂದರೆ 1942ರದು. ಅಧ್ಯಕ್ಷ ರೂಸ್‌ವೆಲ್ಟ್ ಅವರ ಆದೇಶದಂತೆ ಜಪಾನೀ ಮೂಲದ ಸುಮಾರು 1,20,000 ಜನರನ್ನು ಶಿಬಿರಗಳಿಗೆ ಅಟ್ಟಿದಾಗ, ಆ ಆದೇಶವನ್ನೇ ಅಸಾಂವಿಧಾನಿಕ ಎಂದು ಪ್ರಶ್ನಿಸುವುದು ಬೇಡ ಎಂದು ಸಂಘಟನೆಯ ರಾಷ್ಟ್ರೀಯ ಮಂಡಳಿ ತೀರ್ಮಾನಿಸಿತು. ಮಂಡಳಿಯಲ್ಲಿ ಅನೇಕರು ರೂಸ್‌ವೆಲ್ಟರ ಅಭಿಮಾನಿಗಳಾಗಿದ್ದರು. ಉತ್ತರ ಕ್ಯಾಲಿಫೋರ್ನಿಯಾ ಶಾಖೆಯ ಅರ್ನೆಸ್ಟ್ ಬೆಸಿಗ್ ಮಾತ್ರ ಆ ತೀರ್ಮಾನಕ್ಕೆ ತಲೆಬಾಗದೆ, ತಾವೇ ಸೆರೆಮನೆಗೆ ಹೋಗಿ ಫ್ರೆಡ್ ಕೊರೆಮಾತ್ಸು ಎಂಬ ಯುವಕನನ್ನು ಕಂಡು ಅವನ ಮೊಕದ್ದಮೆಯನ್ನು ಕೈಗೆತ್ತಿಕೊಂಡರು. 1944ರಲ್ಲಿ ಸೋತರು. ಇಂದು ಸಂಘಟನೆ ಹೆಮ್ಮೆಯಿಂದ ನೆನೆಯುವುದು ಆ ಸೋತ ಶಾಖೆಯನ್ನೇ.

ಹಣದ ಸಂಗತಿಯನ್ನೂ ಹೇಳಬೇಕು. ಟ್ರಂಪ್ ಗೆದ್ದ 2016ರಲ್ಲಿ ಸುಮಾರು ನಾಲ್ಕು ಲಕ್ಷವಿದ್ದ ಸದಸ್ಯರ ಸಂಖ್ಯೆ ಕೆಲವೇ ವರ್ಷಗಳಲ್ಲಿ ಹದಿನೈದು ಲಕ್ಷವನ್ನು ದಾಟಿತು. ಹೊಸಬರಲ್ಲಿ ಹೆಚ್ಚಿನವರು ಬಂದದ್ದು ಒಬ್ಬ ವ್ಯಕ್ತಿಯನ್ನು ವಿರೋಧಿಸಲು. 2018ರಲ್ಲಿ ಟ್ರಂಪ್ ಸುಪ್ರೀಂ ಕೋರ್ಟಿಗೆ ಹೆಸರಿಸಿದ ನ್ಯಾಯಮೂರ್ತಿ ಕ್ಯಾವನಾ ಅವರ ನೇಮಕವನ್ನು ವಿರೋಧಿಸಿ ಸಂಘಟನೆ ಸುಮಾರು ಹತ್ತು ಲಕ್ಷ ಡಾಲರಿನ ಜಾಹೀರಾತು ಕೊಟ್ಟಾಗ ನಮ್ಮಂತಹ ಹಳಬರಿಗೆ ಗಾಬರಿಯಾಯಿತು. ಆದರೆ ಅದೇ ಸಂಘಟನೆ, ತಾನು ಬಹುತೇಕ ಎಲ್ಲದರಲ್ಲೂ ವಿರೋಧಿಸುವ ಬಂದೂಕು ಮಾಲೀಕರ ಸಂಘದ ವಾಕ್ ಸ್ವಾತಂತ್ರ್ಯದ ಪರವಾಗಿ ವಾದಿಸಿ, 2024ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸರ್ವಾನುಮತದ ತೀರ್ಪು ಪಡೆಯಿತು. ಒಮ್ಮೆ ತಪ್ಪಿದವರು ಮತ್ತೆ ದಾರಿಗೆ ಬರಲಾರರು ಎಂದೇನಿಲ್ಲ.

ಎರೆಭೂಮಿ

ಅಲ್ಲಿ ನಾಜಿಗಳ ಮೆರವಣಿಗೆಯ ಹಕ್ಕಿಗಾಗಿಯೂ ವಾದಿಸಿದವರು ಅವರೇ ಅಲ್ಲವೇ? ನಮ್ಮ ಊರಿನಲ್ಲಿ ದಲಿತ ಕೇರಿಯ ಮುಂದೆ ದ್ವೇಷದ ಮೆರವಣಿಗೆ ಹೊರಟರೆ ಅದಕ್ಕೂ ವಕಾಲತ್ತು ಹಾಕಬೇಕೇ?

ದೂರದೂರು

ಸ್ಕೋಕಿ ಎಂಬ ಊರಿನ 1977ರ ಪ್ರಕರಣ ಅದು, ವಾದಿಸಿದ ಡೇವಿಡ್ ಗೋಲ್ಡ್‌ಬರ್ಗರ್ ಸ್ವತಃ ಯೆಹೂದಿ. ಸಾವಿರಾರು ಸದಸ್ಯರು ಸಂಘಟನೆಯನ್ನು ಬಿಟ್ಟರು. ಅಲ್ಲಿನ ಸಂವಿಧಾನ ಬೇರೆ, ನಮ್ಮದು ಬೇರೆ, ಅದನ್ನು ಹಾಗೆಯೇ ತಂದು ಇಲ್ಲಿ ನೆಡಬೇಕೆಂದು ನಾನು ಹೇಳುವುದಿಲ್ಲ. ಆದರೆ ದ್ವೇಷ ಕಾರುವವನನ್ನೂ ಠಾಣೆಯಲ್ಲಿ ಹೊಡೆಯಬಾರದು ಎಂಬಲ್ಲಿಯವರೆಗಾದರೂ ನೀವು ನನ್ನ ಜೊತೆ ಬರುತ್ತೀರಿ ಎಂದುಕೊಂಡಿದ್ದೇನೆ.

ಎರೆಭೂಮಿ

ಅಲ್ಲಿಯವರೆಗೆ ಬರುತ್ತೇನೆ.

ಗಡಿಸೀಮೆ

ನಾನು ರಾಯಚೂರು ಕಡೆಯವನು, ಗಡಿಯಾಚೆಗಿನ ಆಂಧ್ರ ಚಳವಳಿಗಳ ಬಿಸಿ ನಮಗೂ ತಾಕುತ್ತಿತ್ತು. ಯಾರೂ ಎತ್ತದ ಒಂದು ವಿಷಯವನ್ನು ಎತ್ತುತ್ತೇನೆ. ಪಕ್ಷ ಎಂದರೆ ಚುನಾವಣೆಗೆ ನಿಲ್ಲುವ ಪಕ್ಷ ಮಾತ್ರವೇ?

ಆಂಧ್ರಪ್ರದೇಶ ಪೌರಹಕ್ಕುಗಳ ಸಂಘ ತೆತ್ತಷ್ಟು ಬೆಲೆಯನ್ನು ಬಹುಶಃ ದೇಶದಲ್ಲಿ ಬೇರೆ ಯಾವ ಸಂಘಟನೆಯೂ ತೆತ್ತಿಲ್ಲ. ಅದರ ನಾಯಕರಲ್ಲೊಬ್ಬರಾದ ಮಕ್ಕಳ ವೈದ್ಯ ರಾಮನಾಥಂ ಅವರು 1985ರ ಸೆಪ್ಟೆಂಬರ್‌ನಲ್ಲಿ ವಾರಂಗಲ್ಲಿನ ತಮ್ಮ ಚಿಕಿತ್ಸಾಲಯದಲ್ಲೇ ಗುಂಡಿಗೆ ಬಲಿಯಾದರು. ಅಂತಹ ಸಂಘಟನೆಯಲ್ಲಿ ವರ್ಷಗಟ್ಟಲೆ ಪ್ರಧಾನ ಕಾರ್ಯದರ್ಶಿಯಾಗಿದ್ದ ಗಣಿತದ ಮೇಷ್ಟ್ರು ಕೆ. ಬಾಲಗೋಪಾಲ್, ನಕ್ಸಲೀಯರು ಮಾಡುವ ಹಿಂಸೆಯನ್ನೂ ನಾವು ಪ್ರಶ್ನಿಸಬೇಕು ಎಂಬ ವಾದವನ್ನು ಒಳಗೇ ಎತ್ತಿದರು. ಪ್ರಭುತ್ವದ ಹಿಂಸೆಯ ಜೊತೆಗೆ ಅದನ್ನು ತೂಗಿ ನೋಡಬಾರದು ಎನ್ನುವವರೂ ಇದ್ದರು, ಅವರ ಮಾತಿನಲ್ಲೂ ಹುರುಳಿತ್ತು. ಕಡೆಗೆ ಬಾಲಗೋಪಾಲ್ ಹೊರಬಂದು, 1998ರಲ್ಲಿ ಸಂಗಡಿಗರ ಜೊತೆ ಮಾನವ ಹಕ್ಕುಗಳ ವೇದಿಕೆಯನ್ನು ಕಟ್ಟಿದರು. ಪ್ರಭುತ್ವದ ಜೊತೆಗೆ ಜಾತಿ, ಗಂಡಾಳಿಕೆ, ಬಂದೂಕು ಹಿಡಿದ ಚಳವಳಿ ಎಲ್ಲವೂ ಮನುಷ್ಯನ ಹಕ್ಕನ್ನು ಕಸಿಯಬಲ್ಲವು ಎಂಬ ನಿಲುವು ಅದರದು. 2009ರಲ್ಲಿ ತೀರಿಕೊಳ್ಳುವವರೆಗೂ ಅವರು ಬಡವರ ವಕೀಲರಾಗಿಯೇ ದುಡಿದರು. ತನ್ನ ಪಾಳೆಯದವರಿಗೆ ಹೇಳಬೇಕಾದದ್ದನ್ನು ಹೇಳುವಾಗ ಆಗುವ ಒಂಟಿತನ ಎದುರಾಳಿಯ ಲಾಠಿಗಿಂತ ಭಾರವಾದದ್ದು. ಅದನ್ನು ಹೊರಲು ಸಿದ್ಧರಿಲ್ಲದವರು ಈ ಕೆಲಸಕ್ಕೆ ಕೈ ಹಾಕಬಾರದೆಂದು ನಾನು ನಂಬಿದ್ದೇನೆ.

ಮಲೆಸೆರಗು

ಕೊಳ್ಳೇಗಾಲ ಸೀಮೆಯವಳಾಗಿ ಒಂದು ಮಾತು. ವೀರಪ್ಪನ್ ಶೋಧದ ಹೆಸರಿನಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಾಡಿ, ಹಳ್ಳಿಗಳ ಜನ ಅನುಭವಿಸಿದ್ದನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯನ್ನು ನೇಮಿಸಿತ್ತು. ಕಡೆಗೆ 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರವನ್ನು ಆಯೋಗ ಶಿಫಾರಸು ಮಾಡಿತು. ಆ ಕಾರ್ಯಾಚರಣೆಯ ವರ್ಷಗಳಲ್ಲಿ ನಮ್ಮಲ್ಲಿ ಮೊಯಿಲಿ, ದೇವೇಗೌಡ, ಪಟೇಲ್, ಕೃಷ್ಣ ಮುಖ್ಯಮಂತ್ರಿಗಳಾಗಿದ್ದರು. ಗಡಿಯಾಚೆ ಜಯಲಲಿತಾ, ಕರುಣಾನಿಧಿ. ಸೋಲಿಗರ ಅಜ್ಜಿಯೊಬ್ಬರನ್ನು ಕೇಳಿದರೆ ಅವರಿಗೆ ಯಾವ ಪಕ್ಷದ ಹೆಸರೂ ನೆನಪಿರಲಿಕ್ಕಿಲ್ಲ, ಖಾಕಿ ಬಟ್ಟೆ ಮಾತ್ರ ನೆನಪಿರುತ್ತದೆ. ಯಾರ ಪರ ನಿಲ್ಲಬೇಕು ಎಂಬುದನ್ನು ಅಲ್ಲಿಂದ ಶುರುಮಾಡಿದರೆ, ಯಾರ ವಿರುದ್ಧ ಎಂಬುದು ತಾನಾಗಿ ತಿಳಿಯುತ್ತದೆ.

ಹಳೇಪೇಟೆ

ಮಲೆಸೆರಗು ಅವರ ಮಾತಿನ ಮೇಲೆ ನನ್ನ ಮಾತಿಲ್ಲ.

ನಿವೃತ್ತ ಗುಮಾಸ್ತೆ

ಚುನಾವಣೆಯಿಂದ ದೂರವಿರಬೇಕು ಎಂಬ ಅರ್ಥ ಬರಬಾರದೆಂದು ಇದನ್ನು ಸೇರಿಸುತ್ತೇನೆ. ಅಭ್ಯರ್ಥಿಗಳು ತಮ್ಮ ಮೇಲಿನ ಕ್ರಿಮಿನಲ್ ಮೊಕದ್ದಮೆಗಳನ್ನು ಬಹಿರಂಗಪಡಿಸಬೇಕೆಂಬ 2003ರ ತೀರ್ಪು, ಯಾರೂ ಬೇಡ ಎನ್ನುವ ‘ನೋಟಾ’ ಗುಂಡಿಯನ್ನು ತಂದ 2013ರ ತೀರ್ಪು, ಎರಡೂ ಪಿಯುಸಿಎಲ್ ಹೂಡಿದ ಮೊಕದ್ದಮೆಗಳ ಫಲ. ಚುನಾವಣೆಯ ಫಲಿತಾಂಶಕ್ಕೆ ಕೈ ಹಾಕದೆ, ಅದರ ನಿಯಮಗಳಿಗೆ ಕೈ ಹಾಕಿದರು. 2001ರಲ್ಲಿ ಆಹಾರದ ಹಕ್ಕಿಗಾಗಿ ಹೂಡಿದ ಮೊಕದ್ದಮೆಯಲ್ಲಿ ಕೇಂದ್ರದ ಜೊತೆಗೆ ಬೇರೆ ಬೇರೆ ಪಕ್ಷಗಳ ರಾಜ್ಯ ಸರ್ಕಾರಗಳೂ ಪ್ರತಿವಾದಿಗಳಾಗಿದ್ದವು. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂಬ ಆದೇಶ ಬಂದದ್ದು ಅದರಲ್ಲೇ. ಧನಸಹಾಯ ಸಂಸ್ಥೆಗಳಿಂದ, ಅವು ದೇಶದವಾಗಲಿ ವಿದೇಶದವಾಗಲಿ, ಹಣ ಪಡೆಯದೆ ಸದಸ್ಯರ ಚಂದಾದಿಂದಲೇ ನಡೆಯುವ ಪದ್ಧತಿಯನ್ನೂ ಆ ಸಂಘಟನೆ ಉಳಿಸಿಕೊಂಡಿದೆ. ಇದು ಸಣ್ಣ ಸಂಗತಿಯಲ್ಲ.

ಕಡಲ್ಕರೆ

ಇಷ್ಟೆಲ್ಲ ಪಕ್ಷಾತೀತವಾಗಿದ್ದರೂ ಸರ್ಕಾರಗಳು ಬಿಟ್ಟವೇ? ಛತ್ತೀಸಗಢದಲ್ಲಿ ಪಿಯುಸಿಎಲ್‌ನ ಬಿನಾಯಕ್ ಸೇನ್ ಅವರನ್ನು 2007ರಲ್ಲಿ ಬಂಧಿಸಿದರು, ಸುಪ್ರೀಂ ಕೋರ್ಟಿನ ಜಾಮೀನಿನ ಮೇಲೆ ಕಡೆಗೆ ಹೊರಬಂದದ್ದು 2011ರಲ್ಲಿ. ಅವರು ವಿರೋಧಿಸುತ್ತಿದ್ದ ನಕ್ಸಲರ ವಿರುದ್ಧ ಹಳ್ಳಿಗರನ್ನು ಎತ್ತಿಕಟ್ಟಿದ ಸಲ್ವಾ ಜುಡುಂ ಪಡೆಯನ್ನು ಮುನ್ನಡೆಸಿದವರು ಕಾಂಗ್ರೆಸ್ಸಿನ ಮಹೇಂದ್ರ ಕರ್ಮಾ, ಬೆಂಬಲಿಸಿದ್ದು ಬಿಜೆಪಿಯ ರಾಜ್ಯ ಸರ್ಕಾರ.

ಬರೆಯುತ್ತ ಬರೆಯುತ್ತ ನನ್ನ ಉದಾಹರಣೆಯೇ ನವಿಲುತೀರ್ಥ ಅವರ ವಾದಕ್ಕೆ ಬಲ ಕೊಟ್ಟಿತು ಎಂದು ತಿಳಿಯಿತು. ಇರಲಿ, ಅಳಿಸುವುದಿಲ್ಲ.

ತುಂಗಾತೀರ (ಚರ್ಚೆ ಆರಂಭಿಸಿದವರು)

ಎಲ್ಲರ ಮಾತುಗಳನ್ನೂ ಎರಡೆರಡು ಸಲ ಓದಿದೆ. ನಿನ್ನೆ ನಮ್ಮ ಸಭೆಯಾಯಿತು. ವರದಿಯನ್ನು ಈ ವಾರವೇ ಪತ್ರಿಕಾಗೋಷ್ಠಿಯಲ್ಲಿ ಬಿಡುಗಡೆ ಮಾಡಬೇಕೆಂದು ನಾನು ಮಂಡಿಸಿದ ಠರಾವು 11 ಪರ, 8 ವಿರುದ್ಧ ಮತಗಳಿಂದ ಪಾಸಾಯಿತು. ಯಾವ ಪಕ್ಷವನ್ನಾದರೂ ಗೆಲ್ಲಿಸಿ ಅಥವಾ ಸೋಲಿಸಿ ಎನ್ನುವ ಹೇಳಿಕೆಗೆ ಇನ್ನು ಮುಂದೆ ಸಂಘಟನೆಯ ಹೆಸರಿನಲ್ಲಿ ಸಹಿ ಹಾಕಬಾರದು, ಸದಸ್ಯರು ವೈಯಕ್ತಿಕವಾಗಿ ಹಾಕಿಕೊಳ್ಳಬಹುದು ಎಂಬ ಎರಡನೆಯ ಠರಾವು ಮಾತ್ರ ಬಿದ್ದುಹೋಯಿತು. ಹಿರಿಯರಿಬ್ಬರು ಸಭೆ ಮುಗಿಯುವ ಮೊದಲೇ ಎದ್ದು ಹೋದರು. ಅವರ ಜೊತೆ ನಾನು ಹದಿನೈದು ವರ್ಷ ಊರೂರು ಅಲೆದಿದ್ದೇನೆ, ಆದ್ದರಿಂದ ಮನಸ್ಸಿಗೆ ನೋವಾಗಿದೆ. ಗಡಿಸೀಮೆಯವರು ಹೇಳಿದ ಒಂಟಿತನ ಏನೆಂದು ನಿನ್ನೆ ಸ್ವಲ್ಪ ತಿಳಿಯಿತು.

ನಾಳೆ ಬೆಳಿಗ್ಗೆ ಆ ಹಳ್ಳಿಗೆ ಹೋಗುತ್ತಿದ್ದೇನೆ. ಬಿಡುಗಡೆಗೆ ಮೊದಲು ವರದಿಯನ್ನು ಆ ತಾಯಿಗೆ ಪೂರ್ತಿ ಓದಿ ಹೇಳಬೇಕು. ಕರಪತ್ರದಲ್ಲಿ ನಮ್ಮ ಹೆಸರಿದ್ದದ್ದು ನಿಜವೆಂದು ಹೇಳಿಯೇ ಓದುತ್ತೇನೆ.

ಕರಿಕೋಟು

ಒಳ್ಳೆಯದಾಯಿತು. ಹೋಗುವಾಗ ಒಂದು ಕೆಲಸ ಮಾಡಿ. ಆಸ್ಪತ್ರೆಯ ಆ ಚೀಟಿಯನ್ನು ಅವರ ಮುಂದೆಯೇ ಎರಡೂ ಬದಿ ಫೋಟೋ ತೆಗೆದು, ಮೂಲ ಪ್ರತಿಯನ್ನು ಅವರ ಕೈಗೇ ವಾಪಸು ಕೊಡಿ, ನೀವು ಇಟ್ಟುಕೊಳ್ಳಬೇಡಿ. ಬಂಧನದ ಹೊತ್ತನ್ನು ನಮೂದಿಸಿದ ಮೆಮೊ ಇರಬೇಕು, ಅದಕ್ಕೆ ಮನೆಯವರದೋ ಊರಿನವರದೋ ಸಾಕ್ಷಿ ಸಹಿ ಇರಬೇಕು ಎಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 1996ರ ತೀರ್ಪು ಹೇಳಿದೆ. ಅಂತಹ ಕಾಗದಕ್ಕೆ ಯಾರಾದರೂ ಸಹಿ ಹಾಕಿದ್ದರೇ ಎಂದು ತಾಯಿಯನ್ನೂ ಹುಡುಗನನ್ನೂ ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಿ. ಹಾಕಿಲ್ಲ ಎಂದರೆ ಆ ಸಂಗತಿ ವರದಿಯ ಮೊದಲ ಪುಟದಲ್ಲಿರಲಿ.